ತಂತಿಯಿಲ್ಲದ ಜಾಲ: ಉದ್ಯಮದ ವ್ಯವಸ್ಥಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕಿ ಗಿರಣಿ, ಲಾಡ್ಜು, ಸಿದ್ಧ ಉಡುಪಿನ ಘಟಕ, ಗೋದಾಮು, ಲೆಕ್ಕಪರಿಶೋಧಕರ ಕಚೇರಿ, ಹೀಗೆ ಕರ್ನಾಟಕದ ಹಲವು ಬಗೆಯ ಉದ್ಯಮಗಳಿಗೆ ನಿಸ್ತಂತು ಜಾಲ ಹಾಕಿಕೊಡುವುದು ನನ್ನ ಕೆಲಸ. ಎಲ್ಲಿ ಹೋದರೂ ವ್ಯವಸ್ಥಾಪಕರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಈ ಉತ್ತರಗಳನ್ನು ಬರೆದಿರುವುದು ಹಣ ಮಂಜೂರು ಮಾಡುವವರಿಗಾಗಿ, ಜಾಲ ನಿಂತಾಗ ಎಲ್ಲರಿಂದ ಮಾತು ಕೇಳಬೇಕಾದವರಿಗಾಗಿ. ಯಾವ ಬ್ರ್ಯಾಂಡ್ ಕೊಳ್ಳಬೇಕೆಂದು ಇಲ್ಲಿ ಹೇಳಿಲ್ಲ. ಗೋಡೆ, ಕೇಬಲ್ ಮತ್ತು ಕೆಲಸದ ಸ್ವರೂಪ ಇವು ಮೂರನ್ನು ಸರಿಯಾಗಿ ನೋಡಿದ ಕಡೆ ಸಾಧಾರಣ ಬ್ರ್ಯಾಂಡ್ ಕೂಡ ಚೆನ್ನಾಗಿ ಕೆಲಸ ಮಾಡಿದ್ದನ್ನು ಕಂಡಿದ್ದೇನೆ.

ನಾವು 200 ಎಂಬಿಪಿಎಸ್ ಸಂಪರ್ಕಕ್ಕೆ ಹಣ ಕಟ್ಟುತ್ತಿದ್ದೇವೆ. ಆದರೂ ಮಧ್ಯಾಹ್ನದ ಹೊತ್ತಿಗೆ ವೈ-ಫೈ ತೆವಳುತ್ತದೆ. ಇಂಟರ್ನೆಟ್ ಕೊಡುವವರು ಮೋಸ ಮಾಡುತ್ತಿದ್ದಾರೆಯೇ?

ಬಹುತೇಕ ಸಲ ತಪ್ಪು ಅವರದಾಗಿರುವುದಿಲ್ಲ. ಹೊರಗಿನಿಂದ ನಿಮ್ಮ ಕಟ್ಟಡದ ಬಾಗಿಲವರೆಗೆ ಬರುವುದು ಇಂಟರ್ನೆಟ್. ಆ ಬಾಗಿಲಿನಿಂದ ಮೇಜಿನ ಮೇಲಿನ ಲ್ಯಾಪ್‌ಟಾಪ್‌ವರೆಗೆ ಅದನ್ನು ಗಾಳಿಯಲ್ಲಿ ಸಾಗಿಸುವುದು ವೈ-ಫೈ. ಊರಿನ ಟ್ಯಾಂಕಿನಿಂದ ನೀರು ಸರಿಯಾಗಿ ಬರುತ್ತಿದ್ದು, ಮನೆಯೊಳಗಿನ ಪೈಪು ಕಟ್ಟಿಕೊಂಡಿದ್ದರೆ ನೀರು ಬಿಡುವವನನ್ನು ಬೈದು ಫಲವಿಲ್ಲ.

ಪರೀಕ್ಷೆ ಸುಲಭ. ವೈ-ಫೈ ನಿಧಾನವಾದ ಹೊತ್ತಿನಲ್ಲೇ ಒಂದು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ ವೇಗ ಅಳೆಯಿರಿ. ಅಲ್ಲಿ 190 ಬಂದು ವೈ-ಫೈನಲ್ಲಿ 12 ಬಂದರೆ ತೊಂದರೆ ನಿಮ್ಮ ಗೋಡೆಗಳೊಳಗೇ ಇದೆ. ಎರಡೂ ಕಡೆ 12 ಬಂದರೆ ಆಗ ಫೋನ್ ಎತ್ತಿ.

ಮಧ್ಯಾಹ್ನವೇ ಏಕೆ ಎಂದರೆ, ವೈ-ಫೈನ ಒಂದು ಚಾನೆಲ್ ಪಂಚಾಯಿತಿ ಕಟ್ಟೆಯ ಹಾಗೆ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಬೆಳಗ್ಗೆ ಹತ್ತು ಸಾಧನಗಳಿದ್ದದ್ದು ಊಟದ ಹೊತ್ತಿಗೆ ಎಲ್ಲರ ಮೊಬೈಲ್ ಸೇರಿ ಅರವತ್ತಾಗುತ್ತದೆ. ಅದರ ಜೊತೆಗೆ ಮೂಲೆಯಲ್ಲಿ ಒಂದು ಹಳೆಯ ಪ್ರಿಂಟರ್ ದುರ್ಬಲ ಸಿಗ್ನಲ್ ಹಿಡಿದು ನಿಧಾನವಾಗಿ ತಡವರಿಸುತ್ತಿದ್ದರೆ, ಅದು ಮುಗಿಸುವವರೆಗೆ ವೇಗದ ಲ್ಯಾಪ್‌ಟಾಪ್‌ಗಳೂ ಕಾಯಬೇಕು. ಇಂಟರ್ನೆಟ್ ಯೋಜನೆಯನ್ನು 200ರಿಂದ 500ಕ್ಕೆ ಏರಿಸಿದರೂ ಈ ಕಾಯುವಿಕೆ ತಪ್ಪುವುದಿಲ್ಲ. ಹಾಗೆ ಏರಿಸಿ ವರ್ಷಗಟ್ಟಲೆ ಹಣ ಕಟ್ಟಿದವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ವೈ-ಫೈ ಒಂದೇ ದಾರಿಯೇ? ಬೇರೆ ಏನೇನಿದೆ?

ದೂರವನ್ನು ಮುಂದಿಟ್ಟುಕೊಂಡು ನೋಡಿದರೆ ಸುಲಭ. ಕೈಯಳತೆಯ ದೂರಕ್ಕೆ, ಅಂದರೆ ಬಾರ್‌ಕೋಡ್ ಸ್ಕ್ಯಾನರ್, ಬಿಲ್ ಪ್ರಿಂಟರ್‌ಗಳಿಗೆ ಬ್ಲೂಟೂತ್ ಸಾಕು. ಒಂದು ಕಟ್ಟಡದೊಳಗೆ ವೈ-ಫೈ. ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಕೆಲವು ನೂರು ಮೀಟರ್‌ನಿಂದ ಕೆಲವು ಕಿಲೋಮೀಟರ್‌ವರೆಗೆ, ಎದುರುಬದುರು ಡಿಶ್ ಇಟ್ಟು ಮಾಡುವ ನೇರ ಸಂಪರ್ಕ. ಊರೆಲ್ಲ ಓಡಾಡುವ ಮಾರಾಟ ಪ್ರತಿನಿಧಿಗೆ, ವಿತರಣಾ ವಾಹನಕ್ಕೆ, ಕೌಂಟರ್‌ನಲ್ಲಿ ಹಣ ಬಂದಿದೆಯೆಂದು ಕೂಗಿ ಹೇಳುವ ಯುಪಿಐ ಪೆಟ್ಟಿಗೆಗೆ ಮೊಬೈಲ್ ಸಿಮ್. ತೋಟದ ತುಂಬ ಹರಡಿದ ತೇವಾಂಶ ಮಾಪಕಗಳಂಥ ಪುಟ್ಟ ಸಾಧನಗಳಿಗೆ ಲೋರಾ, ಅಂದರೆ ಕಡಿಮೆ ಶಕ್ತಿಯಲ್ಲಿ ಪುಟ್ಟ ಸಂದೇಶಗಳನ್ನು ದೂರ ಕಳಿಸುವ ರೇಡಿಯೊ ವ್ಯವಸ್ಥೆ. ಯಾವುದೂ ತಲುಪದ ಜಾಗಕ್ಕೆ ಉಪಗ್ರಹ. ಒಂದು ಮಧ್ಯಮ ಗಾತ್ರದ ಉದ್ಯಮಕ್ಕೆ ಇವುಗಳಲ್ಲಿ ಎರಡೋ ಮೂರೋ ಒಟ್ಟಿಗೆ ಬೇಕಾಗುತ್ತವೆ. ಒಂದನ್ನೇ ಎಳೆದು ಎಲ್ಲದಕ್ಕೂ ಹೊದಿಸಲು ಹೋದಾಗ ತೊಂದರೆ ಶುರುವಾಗುತ್ತದೆ.

ವೈ-ಫೈ 5, 6, 6ಇ, 7 ಎಂದೆಲ್ಲ ಹೇಳುತ್ತಾರೆ. ಈಗ ಯಾವುದನ್ನು ಕೊಳ್ಳಬೇಕು?

ಕಚೇರಿ, ಅಂಗಡಿ, ಕಾರ್ಖಾನೆಗಳಿಗೆ ವೈ-ಫೈ 6 ಕೊಳ್ಳಿ ಎನ್ನುತ್ತೇನೆ. 2009ರ ವೈ-ಫೈ 4 ಮತ್ತು 2013ರ ವೈ-ಫೈ 5 ಎರಡೂ ಒಬ್ಬ ಬಳಕೆದಾರನಿಗೆ ಎಷ್ಟು ವೇಗ ಕೊಡಬಹುದು ಎಂಬ ಲೆಕ್ಕದಲ್ಲಿ ಬೆಳೆದವು. 2019ರಿಂದ ಪ್ರಮಾಣೀಕರಣ ಪಡೆದು ಬರತೊಡಗಿದ ವೈ-ಫೈ 6 ಜನಸಂದಣಿಯನ್ನು ಗಮನದಲ್ಲಿಟ್ಟುಕೊಂಡಿದೆ: ಒಂದೇ ಚಾನೆಲನ್ನು ಸಣ್ಣ ಸಣ್ಣ ಪಾಲುಗಳಾಗಿ ಮಾಡಿ ಒಂದೇ ಕ್ಷಣದಲ್ಲಿ ಹಲವು ಸಾಧನಗಳಿಗೆ ಹಂಚಬಲ್ಲದು. ಮೇಲೆ ಹೇಳಿದ ಪಂಚಾಯಿತಿ ಕಟ್ಟೆಯ ತೊಂದರೆಗೆ ಇದು ನಿಜವಾದ ಮದ್ದು. ಆದರೆ ಮೊಬೈಲು, ಲ್ಯಾಪ್‌ಟಾಪುಗಳೂ ವೈ-ಫೈ 6 ಆಗಿದ್ದರೆ ಮಾತ್ರ ಅದರ ಪೂರ್ಣ ಲಾಭ ಸಿಗುತ್ತದೆ.

6ಇ ಮತ್ತು 7ರ ವಿಷಯದಲ್ಲಿ ಎಚ್ಚರ ಬೇಕು. ಇವುಗಳ ಮುಖ್ಯ ಹೆಚ್ಚುಗಾರಿಕೆ ಇರುವುದು 6 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ಅಂದರೆ ಆ ಆವರ್ತನದ ರೇಡಿಯೊ ತರಂಗಗಳ ಪಟ್ಟಿಯಲ್ಲಿ. ಅಮೆರಿಕ ಆ ಬ್ಯಾಂಡಿನ 1200 ಮೆಗಾಹರ್ಟ್ಸ್ ಅನ್ನು 2020ರಲ್ಲೇ ಬಿಟ್ಟುಕೊಟ್ಟಿತು. ಭಾರತದಲ್ಲಿ ಅದರ ಕೆಳಭಾಗವನ್ನು, 5925ರಿಂದ 6425 ಮೆಗಾಹರ್ಟ್ಸ್‌ವರೆಗೆ, ಕಡಿಮೆ ಶಕ್ತಿಯ ಒಳಾಂಗಣ ಬಳಕೆಗೆ ಪರವಾನಗಿಯಿಲ್ಲದೆ ಬಿಡುವ ಕರಡು ನಿಯಮ ಹೊರಬಂದದ್ದು 2025ರ ಮೇ ತಿಂಗಳಲ್ಲಿ. ಆದ್ದರಿಂದ ಅಮೆರಿಕದ ಜಾಹೀರಾತಿನ ವೇಗವನ್ನು ನಂಬಿ ದುಪ್ಪಟ್ಟು ಬೆಲೆ ಕೊಡಬೇಡಿ. ‘ಈ ಮಾದರಿ ಭಾರತದಲ್ಲಿ 6 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡಲು ಅನುಮೋದನೆ ಪಡೆದಿದೆಯೇ?’ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ಉಪಕರಣ ತರಿಸುವುದಂತೂ ಬೇಡವೇ ಬೇಡ.

2.4 ಒಳ್ಳೆಯದೋ 5 ಗಿಗಾಹರ್ಟ್ಸ್ ಒಳ್ಳೆಯದೋ?

ಎರಡೂ ವೈ-ಫೈ ಬಳಸುವ ಬ್ಯಾಂಡ್‌ಗಳು. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಜಾಗ ಕಿರಿದು. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಲ್ಲಿ ಮೂರೇ: 1, 6 ಮತ್ತು 11. ನಿಮ್ಮದು, ಪಕ್ಕದ ಅಂಗಡಿಯದು, ಮೇಲಿನ ಮಹಡಿಯದು, ಜೊತೆಗೆ ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆ, ಎಲ್ಲವೂ ಅಲ್ಲೇ ನೂಕಾಡುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ವಿಶಾಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದರಲ್ಲಿ ಒಟ್ಟು 605 ಮೆಗಾಹರ್ಟ್ಸ್ ಅನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಕೆಲಸದ ಲ್ಯಾಪ್‌ಟಾಪು, ಫೋನುಗಳನ್ನು 5ಕ್ಕೆ ಸೇರಿಸಿ, 2.4 ಅನ್ನು ಪ್ರಿಂಟರ್, ತೂಕದ ಯಂತ್ರ, ಹಾಜರಾತಿ ಯಂತ್ರಗಳಂಥ ಹಳೆಯ ಸಾಧನಗಳಿಗೆ ಉಳಿಸಿ.

ನಮ್ಮ ಜಾಗಕ್ಕೆ ಎಷ್ಟು ಆಕ್ಸೆಸ್ ಪಾಯಿಂಟ್ (ವೈ-ಫೈ ಸಿಗ್ನಲ್ ಹರಡುವ ಪೆಟ್ಟಿಗೆ) ಬೇಕು? ಚದರಡಿಗೆ ಇಷ್ಟು ಎಂಬ ಲೆಕ್ಕ ಇದೆಯೇ?

ಚದರಡಿಯ ಲೆಕ್ಕ ಹೇಳುವವರು ನಿಮ್ಮ ಗೋಡೆಯನ್ನು ನೋಡಿಲ್ಲ ಎಂದರ್ಥ. ನಾನು ಎರಡು ಲೆಕ್ಕ ಹಾಕುತ್ತೇನೆ, ಎರಡರಲ್ಲಿ ದೊಡ್ಡ ಸಂಖ್ಯೆಯನ್ನು ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಜನರ ಲೆಕ್ಕ. ಏಕಕಾಲದಲ್ಲಿ ನಿಜವಾಗಿ ಕೆಲಸ ಮಾಡುವ 25ರಿಂದ 30 ಸಾಧನಗಳಿಗೆ ಒಂದು ಆಕ್ಸೆಸ್ ಪಾಯಿಂಟ್. ಪೆಟ್ಟಿಗೆಯ ಮೇಲೆ 200, 250 ಎಂದು ಅಚ್ಚಾಗಿರುವುದು ಅಂಟಿಕೊಂಡಿರಬಹುದಾದ ಸಾಧನಗಳ ಸಂಖ್ಯೆ. ಅಷ್ಟೂ ಜನ ವಿಡಿಯೊ ಸಭೆ ನಡೆಸಬಹುದೆಂದು ಅದರ ಅರ್ಥವಲ್ಲ. ತಲೆಗೆ ಎರಡು ಸಾಧನ ಎಂದು ಹಿಡಿಯಿರಿ. ಒಂದು ಕಂಪನಿಯದು, ಒಂದು ಜೇಬಿನದು.

ಎರಡನೆಯದು ಗೋಡೆಯ ಲೆಕ್ಕ. ಪ್ಲೈವುಡ್ ಅಥವಾ ಜಿಪ್ಸಮ್ ಅಡ್ಡಗೋಡೆಯನ್ನು ಸಿಗ್ನಲ್ ಅಷ್ಟಾಗಿ ಲೆಕ್ಕಿಸುವುದಿಲ್ಲ. ಇಟ್ಟಿಗೆ ಗೋಡೆ ಸ್ವಲ್ಪ ತಿನ್ನುತ್ತದೆ. ಕರಾವಳಿಯ ಹಳೆಯ ಕಟ್ಟಡಗಳ ಒಂದೂವರೆ ಅಡಿ ದಪ್ಪದ ಕೆಂಪುಕಲ್ಲಿನ ಗೋಡೆ, ಅದೂ ಮಳೆಗಾಲದಲ್ಲಿ ನೀರು ಕುಡಿದು ನಿಂತಾಗ, 5 ಗಿಗಾಹರ್ಟ್ಸ್ ಅನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಕಬ್ಬಿಣದ ಸರಳಿರುವ ಕಾಂಕ್ರೀಟ್ ಚಾವಣಿಯೂ ಹಾಗೆಯೇ. ಮೇಲಿನ ಮಹಡಿಯಿಂದ ಕೆಳಗಿನದಕ್ಕೆ ಸಿಗ್ನಲ್ ಇಳಿಯುತ್ತದೆಂದು ನಂಬಿ ಯೋಜನೆ ಮಾಡಬೇಡಿ. ಲೋಹದ ಕಪಾಟು, ಲಿಫ್ಟಿನ ಗೂಡು, ಶೀತಲ ಗೃಹದ ಬಾಗಿಲು ಸಿಗ್ನಲನ್ನು ಹಿಂದಕ್ಕೆ ಎಸೆಯುತ್ತವೆ.

ಗೋದಾಮಿನ ವಿಷಯ ಇನ್ನೂ ಸೂಕ್ಷ್ಮ. ಒಮ್ಮೆ ಒಂದು ಧಾನ್ಯದ ಗೋದಾಮಿನಲ್ಲಿ ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಮೂರು ಆಕ್ಸೆಸ್ ಪಾಯಿಂಟ್ ಸಾಕೆಂದು ಹಾಕಿ ಬಂದೆ. ಸುಗ್ಗಿ ಮುಗಿದು ಚಾವಣಿಯವರೆಗೆ ಚೀಲ ಏರಿದಾಗ ನಡುವಿನ ಎರಡು ಓಣಿಗಳಲ್ಲಿ ಸ್ಕ್ಯಾನರ್ ಸತ್ತುಹೋಯಿತು. ಕಾಳಿನಲ್ಲಿ ತೇವವಿರುತ್ತದೆ, ತೇವ ಈ ತರಂಗಗಳನ್ನು ಹೀರುತ್ತದೆ. ಖಾಲಿ ಗೋದಾಮಿನ ಅಳತೆ ತುಂಬಿದ ಗೋದಾಮಿಗೆ ಆಗುವುದಿಲ್ಲ ಎಂದು ಅಂದು ಕಲಿತದ್ದನ್ನು ಇಂದಿಗೂ ಪಾಲಿಸುತ್ತೇನೆ: ಸರಕು ತುಂಬಿದ ದಿನವೇ ಅಳೆಯುತ್ತೇನೆ, ಪ್ರತಿ ಓಣಿಯ ಮೇಲೂ ಓಣಿಯ ಉದ್ದಕ್ಕೆ ಮುಖಮಾಡಿದ ಆಂಟೆನಾ ಕೇಳುತ್ತೇನೆ.

ಅಳೆಯುವ ಸಂಖ್ಯೆ ಒಂದನ್ನು ನೆನಪಿಡಿ: ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ). ಕೆಲಸದ ಪ್ರತಿ ಜಾಗದಲ್ಲೂ ಸಿಗ್ನಲ್ ಇದಕ್ಕಿಂತ ಚೆನ್ನಾಗಿದ್ದರೆ, ಅಂದರೆ ಮೈನಸ್ 60, 55 ಹೀಗೆ ಇದ್ದರೆ, ಕರೆಯೂ ವಿಡಿಯೊ ಸಭೆಯೂ ತುಂಡಾಗದೆ ನಡೆಯುತ್ತವೆ. ಮೈನಸ್ 75ಕ್ಕೆ ಇಳಿದರೆ ಪರದೆಯಲ್ಲಿ ಎರಡು ಗೀಟು ಕಂಡರೂ ಕೆಲಸ ಕುಂಟುತ್ತದೆ. ಮೊಬೈಲಿಗೆ ಉಚಿತವಾಗಿ ಸಿಗುವ ಆ್ಯಪ್ ಹಾಕಿಕೊಂಡು ನೀವೇ ಒಂದು ಸುತ್ತು ನಡೆದು ನೋಡಬಹುದು.

ಹೆಚ್ಚು ಆಕ್ಸೆಸ್ ಪಾಯಿಂಟ್ ಹಾಕಿದಷ್ಟೂ ಒಳ್ಳೆಯದಲ್ಲವೇ?

ಇಲ್ಲ. ಒಂದೇ ಚಾನೆಲ್‌ನಲ್ಲಿ ಎರಡು ಆಕ್ಸೆಸ್ ಪಾಯಿಂಟ್‌ಗಳು ಒಂದರ ದನಿ ಒಂದಕ್ಕೆ ಕೇಳುವಂತಿದ್ದರೆ ಪರಸ್ಪರ ಕಾಯುತ್ತಾ ಕೂರುತ್ತವೆ. ಶಕ್ತಿಯನ್ನು ಗರಿಷ್ಠಕ್ಕೆ ಏರಿಸುವುದೂ ಅಂಥದ್ದೇ ತಪ್ಪು: ಆಕ್ಸೆಸ್ ಪಾಯಿಂಟ್ ಕೂಗಿದ್ದು ಮೊಬೈಲಿಗೆ ಕೇಳಿಸುತ್ತದೆ, ಮೊಬೈಲ್ ಪಿಸುಗುಟ್ಟಿದ್ದು ಅಲ್ಲಿಗೆ ಕೇಳಿಸುವುದಿಲ್ಲ.

ಕೇಬಲ್ ಎಳೆಯುವ ಗೋಜಿಲ್ಲದೆ ಮೆಶ್ ಅಥವಾ ರಿಪೀಟರ್ ಹಾಕಬಹುದೇ?

ಬಾಡಿಗೆ ಕಟ್ಟಡದಲ್ಲಿ ಮಾಲೀಕರು ಗೋಡೆ ಕೊರೆಯಲು ಬಿಡದಿದ್ದರೆ, ನಾಲ್ಕೈದು ಜನರ ಕಚೇರಿಯಾದರೆ ಮೆಶ್ (ಕೇಬಲ್ ಇಲ್ಲದೆ ಗಾಳಿಯಲ್ಲೇ ಒಂದಕ್ಕೊಂದು ಜೋಡಿಕೊಳ್ಳುವ ಆಕ್ಸೆಸ್ ಪಾಯಿಂಟ್‌ಗಳು) ನಡೆಯುತ್ತದೆ. ಅಗ್ಗದ ರಿಪೀಟರ್ ಮಾತ್ರ ಬೇಡ. ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕಾದ್ದರಿಂದ ಅದು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.

ನಿಸ್ತಂತು ಜಾಲ ಎನ್ನುತ್ತೀರಿ, ದರಪಟ್ಟಿಯಲ್ಲಿ ಅರ್ಧ ಹಣ ಕೇಬಲಿಗೇ ಇದೆಯಲ್ಲ?

ಈ ಪ್ರಶ್ನೆಗೆ ಬೇಸರಪಡದೆ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಉಳಿಸಿದ ಹಣವೇ ಮುಂದೆ ಹೆಚ್ಚು ಕಾಡುತ್ತದೆ. ಗಾಳಿಯಲ್ಲಿ ಸಾಗುವುದು ಕೊನೆಯ ಹತ್ತು ಹದಿನೈದು ಮೀಟರ್ ಮಾತ್ರ. ಅಲ್ಲಿಯವರೆಗೆ ಪ್ರತಿ ಆಕ್ಸೆಸ್ ಪಾಯಿಂಟ್‌ಗೂ ಸ್ವಿಚ್‌ನಿಂದ (ಜಾಲದ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಒಂದು ಪ್ರತ್ಯೇಕ ಕೇಬಲ್ ಹೋಗಬೇಕು. ಅದೇ ಕೇಬಲಿನಲ್ಲಿ ವಿದ್ಯುತ್ತನ್ನೂ ಕಳಿಸುವ ಪಿಒಇ ಸ್ವಿಚ್ ಕೊಂಡರೆ ಚಾವಣಿಯಲ್ಲಿ ಪ್ಲಗ್ ಪಾಯಿಂಟ್ ಹಾಕಿಸುವ ಖರ್ಚು ಉಳಿಯುತ್ತದೆ. ಹಳೆಯ ಪಿಒಇಯಲ್ಲಿ ಒಂದು ಪೋರ್ಟ್‌ಗೆ ಸಿಗುವುದು 15.4 ವ್ಯಾಟ್, ಇಂದಿನ ಹಲವು ವೈ-ಫೈ 6 ಆಕ್ಸೆಸ್ ಪಾಯಿಂಟ್‌ಗಳಿಗೆ 30 ವ್ಯಾಟಿನ ಪಿಒಇ ಪ್ಲಸ್ ಬೇಕು. ಸ್ವಿಚ್‌ನ ಒಟ್ಟು ವ್ಯಾಟ್ ಎಷ್ಟು ಎಂದು ಕೇಳುವುದನ್ನು ಮರೆಯಬೇಡಿ.

ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಮೀರುವ ಕಡೆ ಫೈಬರ್. ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಕೇಬಲ್ ಕ್ಯಾಟ್ 6 (ಜಾಲಕ್ಕೆ ಬಳಸುವ ತಾಮ್ರದ ಕೇಬಲಿನ ಒಂದು ದರ್ಜೆ) ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಮಡಚಿದರೆ ಮುರಿಯುತ್ತದೆ, ಪಿಒಇ ಹರಿದರೆ ಬಿಸಿಯಾಗುತ್ತದೆ. ಒಂದು ತುಂಡು ಕತ್ತರಿಸಿ ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಇಡೀ ಸುರುಳಿಯನ್ನು ವಾಪಸ್ ಕಳಿಸಿ.

ಗೋದಾಮು ರಸ್ತೆಯಾಚೆ ಇದೆ, ಸುಮಾರು ಒಂದು ಕಿಲೋಮೀಟರ್. ಅಲ್ಲಿಗೆ ಇನ್ನೊಂದು ಇಂಟರ್ನೆಟ್ ಸಂಪರ್ಕ ತೆಗೆದುಕೊಳ್ಳಬೇಕೇ?

ಎರಡು ಚಾವಣಿಗಳ ನಡುವೆ ನೋಟ ಮುಕ್ತವಾಗಿದ್ದರೆ ಬೇಕಿಲ್ಲ. 5 ಗಿಗಾಹರ್ಟ್ಸ್‌ನ ಎರಡು ಡಿಶ್‌ಗಳನ್ನು ಎದುರುಬದುರು ನಿಲ್ಲಿಸಿದರೆ ಸಿಸಿ ಕ್ಯಾಮೆರಾ, ದಾಸ್ತಾನು ತಂತ್ರಾಂಶ, ಫೋನು ಎಲ್ಲವೂ ಆರಾಮವಾಗಿ ಸಾಗುತ್ತವೆ. ತಿಂಗಳ ಬಾಡಿಗೆ ಇಲ್ಲ. ದೂರದ ಘಟಕ, ಲಾರಿ ತೂಗುವ ವೇಬ್ರಿಡ್ಜ್, ಕಾವಲು ಗೇಟುಗಳಿಗೆ ನನಗೆ ಅತ್ಯಂತ ಇಷ್ಟವಾದ ವ್ಯವಸ್ಥೆ ಇದು.

‘ಕಣ್ಣಿಗೆ ಕಾಣುತ್ತದೆ’ ಎಂಬಷ್ಟಕ್ಕೆ ತೃಪ್ತರಾಗಬಾರದು. ರೇಡಿಯೊ ತರಂಗ ದಾರದ ಹಾಗೆ ಹೋಗದೆ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರದಲ್ಲಿ ಹರಡಿಕೊಂಡು ಹೋಗುತ್ತದೆ. ಫ್ರೆನೆಲ್ ವಲಯ ಎಂದು ಅದರ ಹೆಸರು. 5.8 ಗಿಗಾಹರ್ಟ್ಸ್‌ನಲ್ಲಿ ಒಂದು ಕಿಲೋಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 3.6 ಮೀಟರ್, ಐದು ಕಿಲೋಮೀಟರ್‌ಗೆ ಸುಮಾರು 8 ಮೀಟರ್. ಇದರ ಶೇ 60ರಷ್ಟಾದರೂ ಖಾಲಿಯಿರಬೇಕು. ಅಂದರೆ ನಡುವಿನ ತೆಂಗಿನ ಮರದ ತುದಿ ನೋಟದ ಗೆರೆಗಿಂತ ಒಂದು ಮೀಟರ್ ಕೆಳಗಿದ್ದರೂ ಅದು ಅಡ್ಡಿಯೇ. ಮರ ಬೆಳೆಯುತ್ತದೆ, ಖಾಲಿ ನಿವೇಶನದಲ್ಲಿ ಮಹಡಿ ಏಳುತ್ತದೆ. ಐದು ವರ್ಷದ ಮುಂದಿನ ಎತ್ತರವನ್ನು ಈಗಲೇ ಅಂದಾಜು ಮಾಡಿ ಕಂಬ ಹಾಕಿಸಿ.

ಮಳೆಗೆ ಈ ಬ್ಯಾಂಡ್ ಅಷ್ಟಾಗಿ ಹೆದರುವುದಿಲ್ಲ. ಮಳೆಗಾಲದಲ್ಲಿ ಸಂಪರ್ಕ ಕೆಡುವುದು ಒದ್ದೆ ಎಲೆಗಳಿಂದ, ಗಾಳಿಗೆ ಕಂಬ ತಿರುಗುವುದರಿಂದ, ಕನೆಕ್ಟರ್‌ಗೆ ನೀರಿಳಿಯುವುದರಿಂದ. ಏಪ್ರಿಲ್, ಮೇ ತಿಂಗಳ ಸಿಡಿಲು ಎಲ್ಲಕ್ಕಿಂತ ದೊಡ್ಡ ಶತ್ರು. ಕಂಬಕ್ಕೆ ಸರಿಯಾದ ಅರ್ಥಿಂಗ್, ಕೇಬಲಿನ ಎರಡೂ ತುದಿಗೆ ಸರ್ಜ್ ರಕ್ಷಕ ಇಲ್ಲದೆ ಡಿಶ್ ಏರಿಸಲು ಬಿಡಬೇಡಿ. ಚಾವಣಿಗೆ ಬಿದ್ದ ಸಿಡಿಲು ಆ ಕೇಬಲ್ ಹಿಡಿದು ಸ್ವಿಚ್‌ಗೆ, ಸ್ವಿಚ್‌ನಿಂದ ಬಿಲ್ಲಿಂಗ್ ಕಂಪ್ಯೂಟರ್‌ವರೆಗೆ ಬರುತ್ತದೆ.

ಫೈಬರ್ ಬಿಟ್ಟು 5ಜಿಯನ್ನೇ ನಂಬಬಹುದೇ?

ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಮರುವರ್ಷವೇ ಏರ್‌ಟೆಲ್ ಮತ್ತು ಜಿಯೊ ಏರ್‌ಫೈಬರ್ ಎಂಬ ಹೆಸರಿನಲ್ಲಿ ಚಾವಣಿಯ ಮೇಲೆ ಆಂಟೆನಾ ಇಟ್ಟು ಕೊಡುವ ಸಂಪರ್ಕವನ್ನು ತಂದವು. ಹೊಸ ಶಾಖೆ ತೆರೆಯುವಾಗ, ಫೈಬರ್ ಬರಲು ಇನ್ನೂ ತಿಂಗಳಾಗುತ್ತದೆ ಎಂದಾಗ ಇದು ವರವೇ ಸರಿ.

ಆದರೆ ಒಂದೇ ಟವರ್ ಅನ್ನು ಇಡೀ ಬಡಾವಣೆ ಹಂಚಿಕೊಂಡಿರುತ್ತದೆ. ಸಂಜೆ ಹೊತ್ತು ವೇಗ ಏರಿಳಿಯುತ್ತದೆ. ಇನ್ನೊಂದು ತೊಡಕು ಹೆಚ್ಚಿನವರಿಗೆ ಕೊಂಡ ಮೇಲೆಯೇ ಗೊತ್ತಾಗುತ್ತದೆ: ಮೊಬೈಲ್ ಜಾಲದಲ್ಲಿ ಸಾಮಾನ್ಯವಾಗಿ ನಿಮ್ಮದೇ ಆದ ಸಾರ್ವಜನಿಕ ಐಪಿ ವಿಳಾಸ ಸಿಗುವುದಿಲ್ಲ. ಹೊರಗಿನಿಂದ ಕಚೇರಿಯ ಸರ್ವರ್‌ಗೋ ಲೆಕ್ಕದ ತಂತ್ರಾಂಶಕ್ಕೋ ನೇರವಾಗಿ ಬರಲಾಗದು. ಅಂಥ ಅಗತ್ಯವಿದ್ದರೆ ಸ್ಥಿರ ಐಪಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ.

ನನ್ನ ಸಲಹೆ: ಮುಖ್ಯ ದಾರಿ ಫೈಬರ್, ಬದಲಿ ದಾರಿ ಸಿಮ್, ಎರಡನ್ನೂ ನೋಡಿಕೊಂಡು ತಾನಾಗಿಯೇ ಬದಲಾಯಿಸುವ ರೂಟರ್. ಬೆಂಗಳೂರಿನಲ್ಲಿ ಯಾವ ರಸ್ತೆಯನ್ನು ಯಾವಾಗ ಅಗೆಯುತ್ತಾರೆ ಎಂದು ಮುಂಚಿತವಾಗಿ ಹೇಳುವವರಿಲ್ಲ. ಎರಡು ಕಂಪನಿಗಳಿಂದ ಎರಡು ಫೈಬರ್ ತೆಗೆದುಕೊಂಡು ನಿಶ್ಚಿಂತೆಯಿಂದಿದ್ದ ಕಚೇರಿಯೊಂದರಲ್ಲಿ ಎರಡೂ ಒಟ್ಟಿಗೆ ನಿಂತವು. ಎರಡೂ ಒಂದೇ ಕಂಬದ ಮೇಲೆ ಹಾದು ಬಂದಿದ್ದವು. ಗಾಳಿಯ ದಾರಿಗೆ ಜೆಸಿಬಿ ಭಯವಿಲ್ಲ.

ನಮ್ಮದು ಮಲೆನಾಡಿನ ತೋಟ. ಮೊಬೈಲ್ ಸಿಗ್ನಲ್ಲೇ ಸರಿಯಾಗಿ ಬರುವುದಿಲ್ಲ. ಬೂಸ್ಟರ್ ಹಾಕಿಸಬಹುದೇ?

ಆನ್‌ಲೈನ್‌ನಲ್ಲಿ ಸಿಗುವ ಬೂಸ್ಟರ್‌ಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೂ ಬಳಸುವುದೂ ಕಾನೂನಿಗೆ ವಿರುದ್ಧ. ಅವು ಸುತ್ತಲಿನ ಎಲ್ಲರ ಕರೆಯನ್ನೂ ಕೆಡಿಸುತ್ತವೆ. ಅದರ ಬದಲು ಗುಡ್ಡದ ಮೇಲೆ, ಟವರ್ ಕಾಣುವ ಜಾಗ ಹುಡುಕಿ. ಅಲ್ಲಿ ದಿಕ್ಕಿನ ಆಂಟೆನಾ ಇರುವ 4ಜಿ ರೂಟರ್ ಇಟ್ಟು, ಮೇಲೆ ಹೇಳಿದ ಡಿಶ್ ಜೋಡಿಯಿಂದ ಬಂಗಲೆಗೋ ಪಲ್ಪಿಂಗ್ ಘಟಕಕ್ಕೋ ಇಳಿಸಬಹುದು. ಸೌರ ಫಲಕ, ಬ್ಯಾಟರಿ ಅಲ್ಲಿ ಬೇಕಾಗುತ್ತದೆ. ವೈ-ಫೈ ಕರೆಯ ಸೌಲಭ್ಯವಿರುವ ಮೊಬೈಲಿದ್ದರೆ ಟವರ್ ಸಿಗದ ಬಂಗಲೆಯಲ್ಲೂ ಮಾಮೂಲಿ ನಂಬರಿನಿಂದಲೇ ಮಾತನಾಡಬಹುದು.

ಅದೂ ಆಗದಿದ್ದರೆ ಉಪಗ್ರಹದ ಮೂಲಕ ಇಂಟರ್ನೆಟ್ ತರುವ ವಿಸ್ಯಾಟ್ ಡಿಶ್. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿರುವುದರಿಂದ ಮಾತು ಹೋಗಿ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಬಿಲ್ಲು, ಇಮೇಲು, ಬ್ಯಾಂಕ್ ಕೆಲಸಕ್ಕೆ ತೊಂದರೆಯಿಲ್ಲ. ವಿಡಿಯೊ ಸಭೆಯಲ್ಲಿ ಮಾತಿಗೆ ಮಾತು ಡಿಕ್ಕಿ ಹೊಡೆಯುತ್ತದೆ.

ಮಳೆ ಮಾಪಕ, ಮಣ್ಣಿನ ತೇವ, ನೀರಿನ ತೊಟ್ಟಿಯ ಮಟ್ಟ ಇಷ್ಟೇ ಬೇಕಿದ್ದರೆ ಇಂಟರ್ನೆಟ್ಟನ್ನು ತೋಟದ ಮೂಲೆ ಮೂಲೆಗೆ ಒಯ್ಯಬೇಕಿಲ್ಲ. ಲೋರಾ ಸಾಧನಗಳು ನಮ್ಮಲ್ಲಿ ಪರವಾನಗಿ ಬೇಡದ 865 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಕೆಲಸ ಮಾಡುತ್ತವೆ. ಗಂಟೆಗೊಮ್ಮೆ ನಾಲ್ಕು ಅಂಕಿ ಕಳಿಸುವ ಮಾಪಕವೊಂದು ಪುಟ್ಟ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ತೆರೆದ ಬಯಲಿನಲ್ಲಿ ಹಲವು ಕಿಲೋಮೀಟರ್ ಹೋಗುವ ಸಿಗ್ನಲ್ ದಟ್ಟ ನೆರಳಿನ ಕಾಫಿ ತೋಟದಲ್ಲಿ ಅದರ ಒಂದಂಶ ಮಾತ್ರ ಹೋಗುತ್ತದೆಂಬುದನ್ನು ಮಾರುವವರು ಹೇಳುವುದಿಲ್ಲ; ಒಂದು ಮಾಪಕವನ್ನು ತೋಟದ ಕೊನೆಯಂಚಿನಲ್ಲಿಟ್ಟು ತೋರಿಸಿ ಎಂದು ಪಟ್ಟು ಹಿಡಿಯಿರಿ.

ಖಾಸಗಿ 5ಜಿ ಜಾಲ ನಮಗೆ ಬೇಕೇ?

ಸ್ವಂತ ಬಳಕೆಯ 5ಜಿ ಜಾಲಕ್ಕೆ ದೂರಸಂಪರ್ಕ ಇಲಾಖೆ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬಂದರು, ಗಣಿ, ಉಕ್ಕಿನ ಕಾರ್ಖಾನೆಗಳಂಥ ಹಲವು ಎಕರೆಯ, ತಾನಾಗಿ ಓಡುವ ವಾಹನಗಳಿರುವ ಜಾಗಕ್ಕೆ ಅದು ತಕ್ಕದ್ದು. ಇನ್ನೂರು ಜನರ ಘಟಕಕ್ಕೆ ಸದ್ಯಕ್ಕೆ ಬೇಡ.

ನಮ್ಮದು ಲಾಡ್ಜು. ಅತಿಥಿಗಳಿಗೆ ವೈ-ಫೈ ಗುಪ್ತಪದವನ್ನು ಕೌಂಟರ್‌ನಲ್ಲಿ ಬರೆದು ಅಂಟಿಸಿದ್ದೇವೆ. ತಪ್ಪೇ?

ತಪ್ಪು, ಮತ್ತು ಅಪಾಯ. ನಿಮ್ಮ ಸಂಪರ್ಕದಿಂದ ಯಾರಾದರೂ ಬೆದರಿಕೆಯ ಇಮೇಲ್ ಕಳಿಸಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಸಾರ್ವಜನಿಕರಿಗೆ ವೈ-ಫೈ ಕೊಡುವಾಗ ಮೊಬೈಲ್ ಸಂಖ್ಯೆಗೆ ಒಟಿಪಿ ಕಳಿಸಿ ಬಳಕೆದಾರರನ್ನು ಗುರುತಿಸುವ ವ್ಯವಸ್ಥೆ ಇರಬೇಕು. ರೈಲು ನಿಲ್ದಾಣಗಳ ವೈ-ಫೈ ನಡೆಯುವುದೂ ಹಾಗೆಯೇ. ಹಾಗೆಂದು ಇಡೀ ಭಾರವನ್ನು ನೀವೇ ಹೊರಬೇಕಿಲ್ಲ. ಪರವಾನಗಿ ಇರುವ ಇಂಟರ್ನೆಟ್ ಕಂಪನಿಯಿಂದಲೇ ಈ ಸೇವೆ ಪಡೆಯಬಹುದು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಚಹಾ ಅಂಗಡಿಯವರೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ಕೇಂದ್ರ ನಡೆಸಬಹುದು.

ಸೈಬರ್ ಸುರಕ್ಷತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನವನ್ನೂ ತಿಳಿದಿರಬೇಕು. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಜಾಲದ ಬಳಕೆಯ ದಾಖಲೆಗಳನ್ನು (ಲಾಗ್) 180 ದಿನ ಇಡಬೇಕು. ಅತಿಥಿಗಳ ಮೊಬೈಲ್ ಸಂಖ್ಯೆ ಪಡೆಯುವಾಗಲೇ ಅದು ಏಕೆ ಬೇಕೆಂದು ತಿಳಿಸಿ ಒಪ್ಪಿಗೆ ಪಡೆಯುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ. ಆ ಸಂಖ್ಯೆಗೆ ದೀಪಾವಳಿ ರಿಯಾಯಿತಿಯ ಸಂದೇಶ ಕಳಿಸಲು ಬೇರೆಯೇ ಒಪ್ಪಿಗೆ ಬೇಕು.

ಸುರಕ್ಷತೆಗೆ ಕನಿಷ್ಠ ಏನು ಮಾಡಬೇಕು?

ಜಾಲವನ್ನು ಭಾಗ ಮಾಡಿ. ಲೆಕ್ಕ ಮತ್ತು ಬಿಲ್ಲಿಂಗ್ ಒಂದು, ನೌಕರರ ಸ್ವಂತ ಮೊಬೈಲ್ ಇನ್ನೊಂದು, ಅತಿಥಿಗಳದು ಮತ್ತೊಂದು, ಕ್ಯಾಮೆರಾ ಮತ್ತು ಹಾಜರಾತಿ ಯಂತ್ರಗಳದು ಬೇರೆ. ವಿಲ್ಯಾನ್ ಎಂಬ ವ್ಯವಸ್ಥೆಯಿಂದ ಒಂದೇ ಉಪಕರಣದಲ್ಲಿ ಇದೆಲ್ಲ ಸಾಧ್ಯ, ಹೆಚ್ಚಿನ ಖರ್ಚಿಲ್ಲ. ಅಗ್ಗದ ಕ್ಯಾಮೆರಾವೊಂದು ಹ್ಯಾಕ್ ಆದರೂ ಅದು ಲೆಕ್ಕದ ಕಂಪ್ಯೂಟರನ್ನು ಮುಟ್ಟಲಾರದು. ಕ್ಯಾಮೆರಾ ಮತ್ತು ರೂಟರ್‌ಗಳ ಕಾರ್ಖಾನೆಯ ಗುಪ್ತಪದವನ್ನು ಹಾಕಿದ ದಿನವೇ ಬದಲಿಸಿ.

ಎಲ್ಲರಿಗೂ ಒಂದೇ ಗುಪ್ತಪದ ಕೊಟ್ಟ ಕಡೆ ಒಬ್ಬರು ಕೆಲಸ ಬಿಟ್ಟಾಗಲೂ ಅದನ್ನು ಬದಲಿಸಬೇಕು, ಯಾರೂ ಬದಲಿಸುವುದಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ಜನರಿದ್ದರೆ ಪ್ರತಿ ನೌಕರರಿಗೂ ಪ್ರತ್ಯೇಕ ಹೆಸರು, ಗುಪ್ತಪದ ಇರುವ ಎಂಟರ್‌ಪ್ರೈಸ್ ಬಗೆಯ ಪ್ರವೇಶ ಹಾಕಿಸಿ. ಬಿಟ್ಟುಹೋದವರ ಹೆಸರೊಂದನ್ನು ಅಳಿಸಿದರೆ ಮುಗಿಯಿತು. ಹೊಸ ಉಪಕರಣದಲ್ಲಿ 2018ರಲ್ಲಿ ಬಂದ ವೈ-ಫೈ ಸುರಕ್ಷತಾ ಮಾನದಂಡ ಡಬ್ಲ್ಯುಪಿಎ3 ಇರಲಿ. ಜಾಲದ ಹೆಸರನ್ನು ಬಚ್ಚಿಡುವುದರಿಂದ ಏನೂ ಪ್ರಯೋಜನವಿಲ್ಲ, ಅದು ಉಚಿತ ತಂತ್ರಾಂಶಕ್ಕೂ ಕಾಣುತ್ತದೆ.

ಕರೆಂಟು ಹೋದಾಗ?

ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ರೂಟರ್ ಮತ್ತು ಸ್ವಿಚ್‌ಗೆ ಇರುವುದಿಲ್ಲ. ಮೊದಲು ಅವಕ್ಕೇ ಕೊಡಿ. ಪಿಒಇ ಇದ್ದರೆ ಸ್ವಿಚ್ ಒಂದಕ್ಕೆ ಬ್ಯಾಟರಿ ಕೊಟ್ಟರೆ ಚಾವಣಿಯ ಎಲ್ಲ ಆಕ್ಸೆಸ್ ಪಾಯಿಂಟ್‌ಗಳೂ ಬದುಕುತ್ತವೆ. ಫೈಬರ್ ಬಂದು ಸೇರುವ ಪುಟ್ಟ ಪೆಟ್ಟಿಗೆಯನ್ನು ಮರೆಯಬೇಡಿ.

ತಲೆಯ ಮೇಲೆ ಆಕ್ಸೆಸ್ ಪಾಯಿಂಟ್ ಇದ್ದರೆ ಆರೋಗ್ಯ ಕೆಡುತ್ತದೆಂದು ನೌಕರರು ಆತಂಕ ಪಡುತ್ತಾರೆ.

ಆತಂಕವನ್ನು ತಳ್ಳಿಹಾಕದೆ ವಿವರಿಸಿ. ಸಾಮಾನ್ಯ ಆಕ್ಸೆಸ್ ಪಾಯಿಂಟ್ ಹೊರಸೂಸುವ ಶಕ್ತಿ ಒಂದು ವ್ಯಾಟಿನ ಹತ್ತನೇ ಒಂದರ ಆಸುಪಾಸು, ಅದೂ ಎರಡು ಮೂರು ಮೀಟರ್ ದೂರದಿಂದ. ಮೊಬೈಲ್ ಗೋಪುರ ಮತ್ತು ನಿಸ್ತಂತು ಜಾಲಗಳ ಇಂಥ ದುರ್ಬಲ ಸಿಗ್ನಲ್ ಆರೋಗ್ಯಕ್ಕೆ ಹಾನಿ ಮಾಡುತ್ತದೆ ಎಂಬುದಕ್ಕೆ ಮನವೊಪ್ಪುವ ವೈಜ್ಞಾನಿಕ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದೆ.

ಮೂರು ದರಪಟ್ಟಿ ತರಿಸಿದ್ದೇವೆ. ಹೇಗೆ ಹೋಲಿಸಬೇಕು?

ಒಟ್ಟು ಮೊತ್ತವನ್ನು ಕೊನೆಗೆ ನೋಡಿ. ಮೊದಲು, ನಿಮ್ಮ ಜಾಗಕ್ಕೆ ಬಂದು ಅಳೆದವರು ಯಾರು, ನಕ್ಷೆ ನೋಡಿ ಅಂದಾಜಿಸಿದವರು ಯಾರು ಎಂದು ಬೇರ್ಪಡಿಸಿ. ಉಪಕರಣಕ್ಕೆ ಭಾರತದ ನಿಸ್ತಂತು ಅನುಮೋದನೆಯಾದ ಇಟಿಎ ಇದೆಯೇ ನೋಡಿ. ಕ್ಲೌಡ್‌ನಿಂದ ನಿಯಂತ್ರಿಸುವ ಉಪಕರಣವಾದರೆ ವಾರ್ಷಿಕ ಲೈಸೆನ್ಸ್ ಎಷ್ಟು, ನವೀಕರಿಸದಿದ್ದರೆ ವೈ-ಫೈ ನಡೆಯುತ್ತದೆಯೋ ನಿಲ್ಲುತ್ತದೆಯೋ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಕೆಲವು ಉಪಕರಣ ಪೂರ್ತಿ ನಿಂತುಬಿಡುತ್ತವೆ. ಮೊದಲ ವರ್ಷ ಅಗ್ಗವಾಗಿ ಕಂಡದ್ದು ಐದು ವರ್ಷದ ಲೆಕ್ಕದಲ್ಲಿ ದುಬಾರಿಯಾಗುವುದು ಇಲ್ಲೇ. ಕೆಟ್ಟಾಗ ಬದಲಿ ಎಷ್ಟು ದಿನದಲ್ಲಿ, ಯಾವ ಊರಿನಿಂದ ಬರುತ್ತದೆ ಎಂದೂ ಕೇಳಿ. ಹುಬ್ಬಳ್ಳಿಯ ಘಟಕಕ್ಕೆ ಮುಂಬೈಯಿಂದ ಬರಬೇಕಾದರೆ ಒಂದು ಹೆಚ್ಚುವರಿ ಆಕ್ಸೆಸ್ ಪಾಯಿಂಟ್ ಕೊಂಡು ಕಪಾಟಿನಲ್ಲಿಡುವುದು ಜಾಣತನ.

ಕೊನೆಯ ಕಂತಿನ ಶೇ 20ರಷ್ಟನ್ನು, ಕೆಲಸದ ದಿನವೊಂದರಲ್ಲಿ ಎಲ್ಲರೂ ಇರುವಾಗ ಸಿಗ್ನಲ್ ಅಳೆದು ತೋರಿಸಿದ ಮೇಲೆಯೇ ಕೊಡುವುದಾಗಿ ಒಪ್ಪಂದ ಮಾಡಿಕೊಳ್ಳಿ.

ಕೆಲಸ ಮುಗಿದ ಮೇಲೆ ಅವರಿಂದ ಏನೇನು ಪಡೆದುಕೊಳ್ಳಬೇಕು?

ಪ್ರತಿ ಉಪಕರಣದ ಆಡಳಿತ ಗುಪ್ತಪದ, ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ನಕ್ಷೆ, ಎರಡೂ ತುದಿಗೆ ಅಂಟಿಸಿದ ಚೀಟಿ, ಸೆಟ್ಟಿಂಗ್‌ಗಳ ಬ್ಯಾಕಪ್ ಕಡತ, ಬಿಲ್ಲು, ಸೀರಿಯಲ್ ಸಂಖ್ಯೆಗಳು. ಕ್ಲೌಡ್ ಖಾತೆ ಹಾಕಿದವರ ಸ್ವಂತ ಇಮೇಲಿನಲ್ಲಿರದೆ ನಿಮ್ಮ ಸಂಸ್ಥೆಯ ಇಮೇಲಿನಲ್ಲಿರಬೇಕು. ಉಪಕರಣವೆಲ್ಲ ಚೆನ್ನಾಗಿದ್ದರೂ ಗುಪ್ತಪದ ತಿಳಿದಿದ್ದ ಒಬ್ಬ ಹುಡುಗ ಊರು ಬಿಟ್ಟದ್ದರಿಂದ ಎಲ್ಲವನ್ನೂ ಅಳಿಸಿ ಮೊದಲಿನಿಂದ ಜೋಡಿಸಬೇಕಾಗಿ ಬಂದ ಕಚೇರಿಗಳಿಗೆ ನಾನು ಒಂದಕ್ಕಿಂತ ಹೆಚ್ಚು ಸಲ ಹೋಗಿದ್ದೇನೆ. ಈ ಕಾಗದಗಳ ಒಂದು ಪ್ರತಿ ಲೆಕ್ಕ ವಿಭಾಗದ ಬೀರುವಿನಲ್ಲಿ, ಇನ್ನೊಂದು ಮಾಲೀಕರ ಬಳಿ ಇರಲಿ.